ರಾಜಿಪತ್ರವನ್ನು ಓದಿದವರು ಯಾರು?

ಇನ್ನು ಕೂಡಿ ಬಾಳಲಾರೆವೆಂದು ಗಂಡ ಹೆಂಡತಿ ತೀರ್ಮಾನಿಸಿದಾಗ ಎರಡೂ ಕಡೆಯ ಹಿರಿಯರನ್ನು ಕೂರಿಸಿ, ಕೊಟ್ಟದ್ದು ತಂದದ್ದು ಲೆಕ್ಕ ಹಾಕಿ, ಛಾಪಾ ಕಾಗದದ ಮೇಲೆ ಬರೆಸಿ, ನೋಟರಿಯ ಮೊಹರು ಹಾಕಿಸಿಕೊಂಡು ಹೋಗುವ ರೂಢಿ ನಮ್ಮಲ್ಲಿ ಹಳೆಯದು. ಶಿವಮೊಗ್ಗ, ಭದ್ರಾವತಿಯಂಥ ಊರುಗಳಲ್ಲಿ ಕೋರ್ಟಿನ ಮೆಟ್ಟಿಲು ಹತ್ತಿದರೆ ನಾಲ್ಕು ಜನ ಆಡಿಕೊಂಡಾರೆಂಬ ಅಂಜಿಕೆಯೂ ಇದಕ್ಕೆ ಸೇರುತ್ತದೆ. ಆದರೆ ಆ ಕಾಗದದಿಂದ ಮದುವೆ ಮುರಿಯುವುದಿಲ್ಲ. 1955ರ ಹಿಂದೂ ವಿವಾಹ ಕಾಯ್ದೆಯ ಪ್ರಕಾರ ವಿಚ್ಛೇದನಕ್ಕೆ ನ್ಯಾಯಾಲಯದ ಡಿಕ್ರಿಯೇ ಬೇಕು. ಜಾತಿಯ ಸಂಪ್ರದಾಯದಲ್ಲಿ ಬಿಡುಗಡೆ ಉಂಟೆಂದರೆ ಕಾಯ್ದೆಯ 29ನೇ ಕಲಂ ಅದನ್ನು ಉಳಿಸಿದೆ, ನಿಜ; ಆದರೆ ಅಂಥ ರೂಢಿ ಇದೆಯೆಂದು ಹೇಳುವವರು ಅದನ್ನು ಸಾಕ್ಷ್ಯಸಮೇತ ಸಾಬೀತುಪಡಿಸಬೇಕೆಂದು ಕರ್ನಾಟಕದಿಂದಲೇ ಹೋದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2002ರಲ್ಲಿ ಹೇಳಿತು. ಸಾಬೀತಾಗದಿದ್ದರೆ ಆ ಕಾಗದ ನಂಬಿ ಆದ ಎರಡನೇ ಮದುವೆ ಅಸಿಂಧು, ಜೊತೆಗೆ ಭಾರತೀಯ ನ್ಯಾಯ ಸಂಹಿತೆಯ 82ನೇ ಕಲಮಿನಡಿ 7 ವರ್ಷದವರೆಗೆ ಶಿಕ್ಷೆಯಾಗಬಹುದಾದ ಅಪರಾಧ. ಇನ್ನೊಂದು ಪೆಟ್ಟು ಹೆಂಗಸಿಗೇ ಬೀಳುವಂಥದು. ಪರಸ್ಪರ ಒಪ್ಪಿ ಬೇರೆ ವಾಸಿಸುವ ಹೆಂಡತಿಗೆ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಮಿನ, ಈಗಿನ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮಿನ ಜೀವನಾಂಶ ಸಿಗುವುದಿಲ್ಲ. ‘ನಾವಿಬ್ಬರೂ ಒಪ್ಪಿ ಬೇರೆಯಾಗಿದ್ದೇವೆ’ ಎಂಬ ಸಾಲಿಗೆ ಆಕೆ ಹಾಕಿದ ಸಹಿ ಅವಳನ್ನು ಮದುವೆಯಿಂದಲೂ ಬಿಡಿಸುವುದಿಲ್ಲ, ಹೊಟ್ಟೆಪಾಡಿಗೆ ಕೇಳುವ ದಾರಿಗೂ ಅಡ್ಡ ನಿಲ್ಲುತ್ತದೆ.

ಕೋರ್ಟಿಗೇ ಹೋಗುತ್ತೇವೆ, ಆದರೆ ಜಗಳವಿಲ್ಲದ ಮೇಲೆ ವಕೀಲರೇಕೆ ಎನ್ನುವವರು ಇದ್ದಾರೆ. ಪರಸ್ಪರ ಒಪ್ಪಿಗೆಯ ವಿಚ್ಛೇದನ 1976ರ ತಿದ್ದುಪಡಿಯಿಂದ ಬಂದದ್ದು. ಒಂದು ವರ್ಷ ಬೇರೆ ಇದ್ದ ಮೇಲೆ ಜಂಟಿ ಅರ್ಜಿ, ಆರು ತಿಂಗಳ ನಂತರ ಮತ್ತೊಮ್ಮೆ ಹಾಜರಿ. ಸೂಕ್ತ ಕಾರಣವಿದ್ದರೆ ಆ ಆರು ತಿಂಗಳನ್ನು ಬಿಡಬಹುದೆಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕೇಳಲು ಸರಳ. ನನಗೆ ಅಪಾಯ ಕಾಣುವುದು ಈ ಸರಳತೆಯಲ್ಲೇ. ಒಪ್ಪಿಗೆ ಬಲವಂತದ್ದಲ್ಲ, ಮೋಸದ್ದಲ್ಲ ಎಂದು ನ್ಯಾಯಾಧೀಶರು ನೋಡುತ್ತಾರೆ. ಕೇಳದೆ ಬಿಟ್ಟದ್ದೇನು ಎಂದು ನಿಮ್ಮ ಪರವಾಗಿ ಹುಡುಕುವುದು ಅವರ ಕೆಲಸವಲ್ಲ. ಭದ್ರಾವತಿಯ ಕಾಗದ ಕಾರ್ಖಾನೆ ನಿಂತಾಗ ಬಂದ ಸ್ವಯಂ ನಿವೃತ್ತಿಯ ಇಡಿಗಂಟು, ಭವಿಷ್ಯನಿಧಿ, ತವರಿನಿಂದ ಬಂದ ಚಿನ್ನ, ಮಗುವಿನ ಓದಿನ ಖರ್ಚು, ಇವು ರಾಜಿಪತ್ರದಲ್ಲಿ ಇರದಿದ್ದರೆ ಆಮೇಲೆ ಪಡೆಯುವುದು ಕಷ್ಟ. ಜಂಟಿ ಗೃಹಸಾಲವನ್ನು ಗಂಡನೇ ತೀರಿಸತಕ್ಕದ್ದು ಎಂದು ಬರೆದುಕೊಂಡರೂ ಬ್ಯಾಂಕಿಗೆ ಆ ಮಾತು ಅಂಟುವುದಿಲ್ಲ. ಸಾಲಪತ್ರಕ್ಕೆ ಸಹಿ ಹಾಕಿದ ಇಬ್ಬರನ್ನೂ ಅದು ಕೇಳುತ್ತದೆ. ಹೀಗೆ ಎಡವಿದ ಮೇಲೆ ಮೇಲ್ಮನವಿ ಹೋಗೋಣವೆಂದರೆ, ಒಪ್ಪಿಗೆಯ ಡಿಕ್ರಿಯ ಮೇಲೆ ಮೇಲ್ಮನವಿ ಇಲ್ಲವೆಂದು 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆ ಹೇಳುತ್ತದೆ. ಜಗಳದ ಕೇಸಿನಲ್ಲಿ ಸೋತವರಿಗೆ ಹೈಕೋರ್ಟಿನ ಬಾಗಿಲು ತೆರೆದಿರುತ್ತದೆ. ಒಪ್ಪಿ ಸಹಿ ಹಾಕಿದವರಿಗೆ ಅದೂ ಇಲ್ಲ. ಆದ್ದರಿಂದಲೇ ವಕೀಲರು ಹೆಚ್ಚು ಬೇಕಾಗುವುದು ಜಗಳವಿಲ್ಲದ ಕಡೆಯೇ ಎಂದು ನಾನು ವಾದಿಸುತ್ತೇನೆ.

ಅರೆಬರೆ ರಾಜಿ ಗಂಡನನ್ನೂ ಕಾಯುವುದಿಲ್ಲ. ಕರ್ನಾಟಕದ್ದೇ ಒಂದು ಪ್ರಕರಣದಲ್ಲಿ ಹೆಂಡತಿ 8,000 ರೂಪಾಯಿ ಒಂದೇ ಗಂಟಿನಲ್ಲಿ ಪಡೆದು, ಮುಂದೆ ಜೀವನಾಂಶ ಕೇಳುವುದಿಲ್ಲವೆಂದು ಕೋರ್ಟಿನಲ್ಲೇ ರಾಜಿಯಾಗಿದ್ದಳು. ಆಮೇಲೆ ಬೇರೊಂದು ಕಾಯ್ದೆಯಡಿ ದಾವೆ ಹೂಡಿದಳು. ಕಾನೂನು ಕೊಟ್ಟ ಹಕ್ಕನ್ನು ಹಾಗೆ ಬರೆದುಕೊಟ್ಟು ಕಳೆಯಲಾಗದು, ಅದು ಸಾರ್ವಜನಿಕ ನೀತಿಗೆ ವಿರುದ್ಧ ಎಂದು 2013ರಲ್ಲಿ ಸುಪ್ರೀಂ ಕೋರ್ಟ್ ಅವಳ ಪರ ನಿಂತಿತು. ಮುಗಿಯಿತೆಂದು ಆತ ನಂಬಿದ್ದು ಮುಗಿದಿರಲಿಲ್ಲ; ಆಕೆಗೋ ತನ್ನದನ್ನು ಪಡೆಯಲು ದೆಹಲಿಯ ತನಕ ಸೆಣಸಬೇಕಾಯಿತು.

ವಕೀಲರು ಬಂದರೆ ಕಿಡಿ ಬೆಂಕಿಯಾಗುತ್ತದೆ, ವಾಯಿದೆ ಮೇಲೆ ವಾಯಿದೆ ಬೀಳುತ್ತದೆ ಎಂಬ ದೂರನ್ನು ತಳ್ಳಿಹಾಕಲಾರೆ. ಸಂಸತ್ತಿಗೂ ಆ ಚಿಂತೆ ಇತ್ತು: ಕೌಟುಂಬಿಕ ನ್ಯಾಯಾಲಯದಲ್ಲಿ ವಕೀಲರನ್ನು ಇಟ್ಟುಕೊಳ್ಳುವುದು ಕಕ್ಷಿದಾರರ ಹಕ್ಕಲ್ಲ ಎಂದು 1984ರ ಆ ಕಾಯ್ದೆಯ 13ನೇ ಕಲಮಿನಲ್ಲೇ ಬರೆದಿದೆ. ಆದರೆ ಅದೇ ಕಲಂ, ನ್ಯಾಯಾಲಯಕ್ಕೆ ಅಗತ್ಯ ಕಂಡರೆ ಕಾನೂನು ಬಲ್ಲವರ ನೆರವು ಪಡೆಯಬಹುದೆಂದೂ ಹೇಳುತ್ತದೆ. ಮೇಲಾಗಿ, ಕೋರ್ಟಿನಲ್ಲಿ ನಿಂತು ವಾದಿಸುವುದು ಬೇರೆ, ಸಹಿಗೆ ಮೊದಲು ರಾಜಿಪತ್ರ ಓದಿ ಕೊರತೆ ತೋರಿಸುವುದು ಬೇರೆ. ಎರಡನೆಯದಕ್ಕೆ ಯಾವ ಅನುಮತಿಯೂ ಬೇಡ. ಇಬ್ಬರಿಗೂ ಸೇರಿ ಒಬ್ಬರೇ ವಕೀಲರು ಸಾಕೆಂಬ ಉಳಿತಾಯವೂ ನನಗೆ ಒಪ್ಪಿಗೆಯಿಲ್ಲ, ಏಕೆಂದರೆ ಒಬ್ಬರು ಬಿಟ್ಟುಕೊಡುವುದು ಇನ್ನೊಬ್ಬರಿಗೆ ದಕ್ಕುವಾಗ ಒಂದೇ ನಾಲಿಗೆ ಇಬ್ಬರಿಗೂ ಹಿತ ಹೇಳಲಾರದು.

ಫೀಸಿನ ಚಿಂತೆಯೇ ನಿಜವಾದ ಅಡ್ಡಿ, ಇದಕ್ಕೆ ಇರುವ ಉತ್ತರ ಹೆಚ್ಚು ಜನಕ್ಕೆ ತಲುಪಿಲ್ಲ ಎಂಬುದೇ ಸಂಕಟ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಂ ಮಹಿಳೆಯರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಅಂಗವಿಕಲರಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರನ್ನು ಕೊಡುತ್ತದೆ. ಆ ಪಟ್ಟಿಯಲ್ಲಿ ಕೈಗಾರಿಕಾ ಕಾರ್ಮಿಕರೂ ಇದ್ದಾರೆ. 1923ರಿಂದ ಕಬ್ಬಿಣದ ಕಾರ್ಖಾನೆಯನ್ನು ನೆಚ್ಚಿ ಬೆಳೆದ ಭದ್ರಾವತಿಯಲ್ಲಿ ಈ ಒಂದು ಪದ ಎಷ್ಟು ಮನೆಗಳ ಬಾಗಿಲಿಗೆ ಬರುತ್ತದೆಂದು ಯೋಚಿಸಿ. ಭದ್ರಾವತಿಯವರಿಗೆ ತಾಲ್ಲೂಕು ಕಾನೂನು ಸೇವಾ ಸಮಿತಿ, ಶಿವಮೊಗ್ಗದಲ್ಲಿ ಜಿಲ್ಲಾ ಪ್ರಾಧಿಕಾರ. ಹೋಗಲಾಗದವರಿಗೆ 15100 ಸಂಖ್ಯೆಯ ಸಹಾಯವಾಣಿ. ಈಗಾಗಲೇ ಜಂಟಿ ಅರ್ಜಿಗೆ ಸಹಿ ಹಾಕಿದವರಿಗೂ ಹೊತ್ತು ಮೀರಿಲ್ಲ: ಡಿಕ್ರಿ ಆಗುವವರೆಗೆ ಒಪ್ಪಿಗೆಯನ್ನು ಹಿಂದೆ ಪಡೆಯಬಹುದೆಂದು 1991ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಎರಡು ಹಾಜರಿಗಳ ನಡುವಿನ ಆರು ತಿಂಗಳು ಒಬ್ಬ ವಕೀಲರ ಮುಂದೆ ಆ ಕಾಗದ ಇಡಲು ಧಾರಾಳ ಸಾಕು.