ಪೆಟ್ಟಿಗೆಯೊಳಗಿನ ಗಾಳಿ

ಹಳೆಯ ಪುಸ್ತಕವನ್ನು ಕೊಳ್ಳುವವನು ಹಾಳೆಗಳನ್ನು ಎಣಿಸುತ್ತಾನೆ. ಹಳೆಯ ವೀಣೆಯನ್ನು ಕೊಳ್ಳುವವನು ಕೊಡವನ್ನು ಬೆರಳಿನಿಂದ ತಟ್ಟಿ ನೋಡುತ್ತಾನೆ. ಹಳೆಯ ಧ್ವನಿವರ್ಧಕವನ್ನು ಕೊಳ್ಳುವವನು ಏನನ್ನು ನೋಡಬೇಕು? ಧ್ವನಿವರ್ಧಕವೆಂದೊಡನೆ ಜಾತ್ರೆಯ ಮರಕ್ಕೆ ಕಟ್ಟಿದ ತುತ್ತೂರಿಯನ್ನು ನೆನೆದು ಓದುಗರು ಕಿವಿ ಮುಚ್ಚಿಕೊಳ್ಳಬೇಕಾಗಿಲ್ಲ. ನಾನು ಹೇಳಹೊರಟಿರುವುದು ಮನೆಯ ಮೂಲೆಯಲ್ಲಿ ಕುಳಿತು, ವಾದ್ಯದ ನಾದವನ್ನು ಇದ್ದುದು ಇದ್ದ ಹಾಗೆ ಕೇಳಿಸಬೇಕೆಂಬ ಹಂಬಲದಿಂದ ಹುಟ್ಟಿದ ಹೈ-ಫೈ ಪೆಟ್ಟಿಗೆಗಳ ವಿಷಯ.

ಆ ಹಂಬಲಕ್ಕೆ ನೆಲೆಯಾದ ಊರುಗಳಲ್ಲಿ ಒಂದು ಅಮೆರಿಕದ ಮಸಾಚುಸೆಟ್ಸ್ ಸಂಸ್ಥಾನದ ಕೇಂಬ್ರಿಜ್. 1954ರಲ್ಲಿ ಎಡ್ಗರ್ ವಿಲ್ಚರ್ ಎಂಬ ಅಧ್ಯಾಪಕರು ತಮ್ಮ ಶಿಷ್ಯ ಹೆನ್ರಿ ಕ್ಲಾಸ್ ಅವರೊಡನೆ ಅಲ್ಲಿ ಅಕೌಸ್ಟಿಕ್ ರಿಸರ್ಚ್ ಎಂಬ ಸಂಸ್ಥೆಯನ್ನು ತೆರೆದರು. ಅದುವರೆಗೆ ಮಂದ್ರಸ್ವರ ತುಂಬಿ ಬರಬೇಕಾದರೆ ಬೀರುವಿನಷ್ಟು ದೊಡ್ಡ ಪೆಟ್ಟಿಗೆ ಬೇಕಾಗುತ್ತಿತ್ತು. ನಾದ ಹೊರಡಿಸುವ ಕಾಗದದ ಶಂಕುವನ್ನು ಹಿಡಿದಿಡುವ ಅಂಚು ಗಡುಸು. ಶಂಕು ಹೆಚ್ಚು ದೂರ ಸರಿದಾಗ ಅದು ಸಮನಾಗಿ ಹಿಂದಕ್ಕೆಳೆಯಲಾರದೆ ನಾದವನ್ನು ಕೆಡಿಸುತ್ತಿತ್ತು. ವಿಲ್ಚರ್ ಅವರು ಅಂಚನ್ನು ಮೆತ್ತಗೆ ಮಾಡಿ, ಪೆಟ್ಟಿಗೆಯನ್ನು ಗಾಳಿಯಾಡದಂತೆ ಮುಚ್ಚಿಬಿಟ್ಟರು. ಒಳಗೆ ಸೆರೆಯಾದ ಗಾಳಿಯೇ ಸ್ಪ್ರಿಂಗಿನ ಕೆಲಸಕ್ಕೆ ನಿಂತಿತು. ಪೆಟ್ಟಿಗೆ ಪುಸ್ತಕದ ಕಪಾಟಿನಲ್ಲಿ ಇಡುವಷ್ಟು ಚಿಕ್ಕದಾಯಿತು, ಮಂದ್ರವೂ ಶುದ್ಧವಾಯಿತು.

ಅವರ ಧೈರ್ಯವೂ ಸಾಮಾನ್ಯವಾದುದಲ್ಲ. ಫೈನ್ ಆರ್ಟ್ಸ್ ಕ್ವಾರ್ಟೆಟ್ ಎಂಬ ಪಿಟೀಲು ಮೇಳವನ್ನು ವೇದಿಕೆಯ ಮೇಲೆ ಕೂರಿಸಿ, ಕಚೇರಿಯ ನಡುನಡುವೆ ವಾದನವನ್ನು ನಿಲ್ಲಿಸಿ ಮುದ್ರಿತ ಧ್ವನಿಗೆ ತಿರುಗಿಸುತ್ತಿದ್ದರು. ಸಭಿಕರು ವ್ಯತ್ಯಾಸ ಕಂಡುಹಿಡಿಯಲು ತಿಣುಕುತ್ತಿದ್ದರು. ನ್ಯೂಯಾರ್ಕಿನ ಗ್ರ್ಯಾಂಡ್ ಸೆಂಟ್ರಲ್ ರೈಲು ನಿಲ್ದಾಣದಲ್ಲಿ ಸಂಸ್ಥೆಯ ಸಂಗೀತದ ಕೋಣೆಯೊಂದಿತ್ತು. ಅಲ್ಲಿ ಯಾರು ಬೇಕಾದರೂ ಕುಳಿತು ಕೇಳಬಹುದಾಗಿತ್ತು, ಮಾರಾಟ ಮಾತ್ರ ಇರಲಿಲ್ಲ.

ಕೆಲಸದ ನಿಮಿತ್ತ ಕೆಲವು ವರ್ಷ ನಾನು ಕೇಂಬ್ರಿಜಿನ ಹತ್ತಿರ ಇದ್ದೆ. ಶಾಲೆಯಲ್ಲಿ ಪಿಟೀಲು ಕಲಿಸಿ ನಿವೃತ್ತರಾದ ವೃದ್ಧರೊಬ್ಬರು ಮನೆ ಖಾಲಿ ಮಾಡಿ ಮಗಳ ಊರಿಗೆ ಹೊರಟಿದ್ದರು. ಮಾರುವ ಸಾಮಾನುಗಳ ಪಟ್ಟಿಯಲ್ಲಿ, 1967ರಲ್ಲಿ ಮೊದಲು ಹೊರಬಂದ ಎಆರ್-3ಎ ಮಾದರಿಯ ಜೋಡಿಯೂ ಇತ್ತು. ಒಂದೊಂದೂ ಸುಮಾರು 24 ಕಿಲೋ ತೂಕ. “ಪೆಟ್ಟಿಗೆ ಚೆನ್ನಾಗಿಯೇ ಇದೆ, ನನ್ನ ಕಿವಿಯೇ ಹೋಯಿತು. ಪಿಟೀಲಿನ ಮೇಲಿನ ತಂತಿ ಕೇಳಿಸುವುದೇ ಇಲ್ಲ” ಎಂದರು. ಪಟ್ಟಿಯ ಕೊನೆಯಲ್ಲಿ ಅವರ ಪಿಟೀಲೂ ಇತ್ತು.

ಮುಂಭಾಗದ ಬಟ್ಟೆಯನ್ನು ತೆಗೆದು ನೋಡಿದೆ. 12 ಅಂಗುಲದ ಶಂಕುವಿನ ಸುತ್ತಲಿನ ಫೋಮ್ ಉಂಗುರ ಬೆರಳು ತಾಕಿದೊಡನೆ ಪುಡಿಯಾಯಿತು. ಇದು ತಯಾರಿಸಿದವರ ತಪ್ಪಲ್ಲ, ಕಾಲದ ಕೆಲಸ. ಆ ಕಾಲದ ಫೋಮ್ ಗಾಳಿಯ ತೇವವನ್ನು ಕುಡಿದು, ಬಾರಿಸಿದರೂ ಬಾರಿಸದಿದ್ದರೂ ಸಾಯುತ್ತದೆ. ಅಂಚು ಹರಿಯಿತೆಂದರೆ ಗಾಳಿಯ ಸೆರೆ ಬಿಟ್ಟಿತು, ಮಂದ್ರ ಹೋಯಿತು. ಹಿಂಬದಿಯಲ್ಲಿ ಮಧ್ಯ ಮತ್ತು ತಾರಸ್ವರಗಳನ್ನು ಹೆಚ್ಚು ಕಡಿಮೆ ಮಾಡುವ ಎರಡು ತಿರುಗುಣಿಗಳಿವೆ. ಅವನ್ನು ತಿರುಗಿಸಿದರೆ ಕರಕರ ಸದ್ದು, ಒಳಗೆ ಕಿಲುಬು. ಈ ಮಾದರಿಯಲ್ಲಿ ಸೆಕೆಂಡಿಗೆ 575 ಕಂಪನಗಳ ಮೇಲಿನ ನಾದವನ್ನು ದೊಡ್ಡ ಶಂಕು ಮಧ್ಯದ ಚಿಕ್ಕ ಗುಮ್ಮಟಕ್ಕೆ ಒಪ್ಪಿಸುತ್ತದೆ. ಪಿಟೀಲಿನ ಮೇಲಿನ ತಂತಿಯ ಶ್ರುತಿ 659. ಆ ದಾರಿಯಲ್ಲಿ ಕಿಲುಬು ಅಡ್ಡಬಂದರೆ ಎಂಥ ಕಿವಿಗೆ ತಾನೆ ಕೇಳಿಸೀತು? ಹಣ ಕೊಟ್ಟೆ. ಅವರು ಹೊರಡಲು ಒಂದು ತಿಂಗಳಿತ್ತು. ಅಷ್ಟರೊಳಗೆ ಬಂದು ಕೇಳಬೇಕೆಂದು ಕೇಳಿಕೊಂಡೆ.

ದುರಸ್ತಿಯ ವಿಧಾನ ಕಷ್ಟದ್ದಲ್ಲ, ತಾಳ್ಮೆಯದು. ಹಳೆಯ ಫೋಮನ್ನೂ ಅಂಟನ್ನೂ ಕೆರೆದು ತೆಗೆಯಬೇಕು. ಶಂಕುವಿನ ಹಿಂದಿನ ತಂತಿಯ ಸುರುಳಿಗೂ ಅಯಸ್ಕಾಂತಕ್ಕೂ ನಡುವಣ ಎಡೆ ಒಂದು ಮಿಲಿಮೀಟರಿಗಿಂತ ಕಡಿಮೆ. ಅಲ್ಲಿ ತೆಳುವಾದ ಪಟ್ಟಿಗಳನ್ನು ಸುತ್ತಲೂ ಸಿಕ್ಕಿಸಿ, ಸುರುಳಿ ನಟ್ಟನಡುವೆ ನಿಂತ ಮೇಲೆ ಹೊಸ ಉಂಗುರವನ್ನು ಅಂಟಿಸಬೇಕು. ಉಂಗುರ ಮೂಲದಷ್ಟೇ ಮೆತ್ತಗಿರಬೇಕು. ಗಡುಸಾದರೆ ವಿಲ್ಚರ್ ಅವರ ಯುಕ್ತಿಯೇ ಕೆಟ್ಟಂತೆ. ತಿರುಗುಣಿಗಳನ್ನು ಬಿಚ್ಚಿ ಕಿಲುಬು ಉಜ್ಜಿದೆ. ಕೆಪಾಸಿಟರುಗಳನ್ನು ಅಳೆದು, ಅಳತೆ ತಪ್ಪಿದವನ್ನು ಮಾತ್ರ ಅದೇ ಬೆಲೆಯವುಗಳಿಂದ ಬದಲಾಯಿಸಿದೆ. ಎಲ್ಲ ಮುಚ್ಚಿದ ಮೇಲೆ ಶಂಕುವನ್ನು ಮೆಲ್ಲನೆ ಒತ್ತಿ ಬಿಟ್ಟೆ. ಅದು ಥಟ್ಟನೆ ನೆಗೆಯದೆ, ನಿದ್ರೆಯಿಂದ ಏಳುವವರಂತೆ ನಿಧಾನವಾಗಿ ಮುಂದೆ ಬಂತು. ಗಾಳಿ ಸೋರುತ್ತಿಲ್ಲವೆಂಬುದಕ್ಕೆ ಅದೇ ಗುರುತು.

ಈ ಘಟ್ಟದಲ್ಲಿ ಒಂದು ಪ್ರಲೋಭನೆ ಬರುತ್ತದೆ. ಮುಕ್ಕಾಲು ಅಂಗುಲದ ಹಳೆಯ ಟ್ವೀಟರಿನ ಸ್ವರ ಇಂದಿನ ಕಿವಿಗೆ ಕೊಂಚ ಮಂಕು. ಅದನ್ನು ಕಿತ್ತು ಹೊಸದನ್ನು ಕೂರಿಸಿದರೆ ಥಳಥಳಿಸುತ್ತದೆ. ಸ್ನೇಹಿತರೊಬ್ಬರು ಹಾಗೆಯೇ ಮಾಡೆಂದರು. ಆಗ ನನಗೆ ನೆನಪಾದುದು ನಮ್ಮ ಗ್ರಂಥಸಂಪಾದನೆಯ ಶಾಸ್ತ್ರ. ಓಲೆಯಲ್ಲಿ ಹುಳು ತಿಂದ ಅಕ್ಷರವನ್ನು ತುಂಬುವ ಹಕ್ಕು ಸಂಪಾದಕನಿಗುಂಟು. ಕವಿಯ ಮಾತು ತನಗೆ ಸಪ್ಪೆಯೆನಿಸಿತೆಂದು ಅದನ್ನು ತಿದ್ದುವ ಹಕ್ಕಿಲ್ಲ. ಡಿ. ಎಲ್. ನರಸಿಂಹಾಚಾರ್ ಅವರಂಥವರು ನಮಗೆ ಕಲಿಸಿದ ಸಂಯಮ ಇದು. ಕಿಲುಬು ಲಿಪಿಕಾರನ ದೋಷ. ಟ್ವೀಟರಿನ ಮಿತ ಸ್ವರ ಕವಿಯ ಪಾಠ. ಮೊದಲನೆಯದನ್ನು ತಿದ್ದಿದೆ, ಎರಡನೆಯದನ್ನು ಮುಟ್ಟಲಿಲ್ಲ.

ಹೊರಡುವ ವಾರ ವೃದ್ಧರು ಬಂದರು. ಅವರೇ ತಂದ ತಟ್ಟೆಯನ್ನು ಹಾಕಿದೆ. ಮೊದಲು ಸುಮ್ಮನಿದ್ದರು. ಆಮೇಲೆ ಎಡಗೈಯ ಬೆರಳುಗಳು ಮೊಣಕಾಲಿನ ಮೇಲೆ ತಂತಿ ಒತ್ತತೊಡಗಿದವು. ವಯಸ್ಸಿನ ಪಾಲು ಇರಲಿಲ್ಲವೆಂದಲ್ಲ. ನನಗೆ ಕೇಳುತ್ತಿದ್ದ ತ್ರಿಕೋಣ ತಾಳದ ಕಿಣಿಕಿಣಿ ಅವರಿಗೆ ಕೇಳಿಸಲಿಲ್ಲ. ಆದರೆ ಮೇಲಿನ ತಂತಿ ಕೇಳಿಸಿತು. “ಪಿಟೀಲು ಮೊದಲು ಎಲ್ಲಿ ಕೂತಿತ್ತೋ ಅಲ್ಲೇ ಕೂತಿದೆ” ಎಂದರು. ಪೆಟ್ಟಿಗೆಗಳನ್ನು ಹಿಂದಕ್ಕೆ ಒಯ್ಯಿರೆಂದೆ. ಮಗಳ ಮನೆಯಲ್ಲಿ ಜಾಗವಿಲ್ಲವೆಂದು ನಕ್ಕರು. ಪಿಟೀಲನ್ನು ಮಾತ್ರ ಮಾರದೆ ಜೊತೆಯಲ್ಲಿ ಒಯ್ದರೆಂದು ಆಮೇಲೆ ತಿಳಿಯಿತು.

ವಿಲ್ಚರ್ ಅವರು 1967ರಲ್ಲಿ ಸಂಸ್ಥೆಯನ್ನು ಮಾರಿ ಕಿವಿ ಮಂದವಾದವರ ಶ್ರವಣಯಂತ್ರದ ಸಂಶೋಧನೆಗೆ ತೊಡಗಿದರು. ನಾದವನ್ನು ಪಾಲುಗಳಾಗಿ ವಿಂಗಡಿಸಿ, ಮೆಲುದನಿಯನ್ನು ಹೆಚ್ಚಾಗಿಯೂ ಗಟ್ಟಿದನಿಯನ್ನು ಕಡಿಮೆಯಾಗಿಯೂ ಹಿಗ್ಗಿಸುವ ಕ್ರಮವನ್ನು 1973ರಲ್ಲಿ ಪ್ರಕಟಿಸಿದರು. ಅದಕ್ಕೆ ಸ್ವಾಮ್ಯದ ಹಕ್ಕು ಕೇಳದೆ ಎಲ್ಲರಿಗೂ ಬಿಟ್ಟುಕೊಟ್ಟರು. 2011ರಲ್ಲಿ, 94ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಹಳೆಯ ಧ್ವನಿವರ್ಧಕವನ್ನು ಕೊಳ್ಳಹೊರಟವರು ಮರದ ಹೊಳಪಿಗೆ ಮರುಳಾಗದೆ ಬಟ್ಟೆ ಸರಿಸಿ ಅಂಚನ್ನು ನೋಡಲಿ, ತಿರುಗುಣಿ ತಿರುಗಿಸಲಿ, ಒಂದೊಂದು ಕೊರಳಿಗೂ ಕಿವಿಗೊಟ್ಟು ಅದು ಬದುಕಿದೆಯೇ ಎಂದು ವಿಚಾರಿಸಲಿ. ಮನೆಯಲ್ಲಿ ಹಿರಿಯರೊಬ್ಬರು ಸಂಗೀತ ಈಗ ಸೊಗಸುವುದಿಲ್ಲವೆಂದು ಮೂಲೆಗೆ ಸರಿದಿದ್ದರೆ, ಅದನ್ನು ಮುಪ್ಪಿನ ಲೆಕ್ಕಕ್ಕೆ ಬರೆಯುವ ಮೊದಲು ಪೆಟ್ಟಿಗೆಯನ್ನೊಮ್ಮೆ ಬಿಚ್ಚಿ ನೋಡಲಿ.