ನಡುವೆ ಬಾಯಿ ಹಾಕದವರ ಸಭೆ

ಚಿಕ್ಕಪ್ಪನನ್ನು ಮೊದಲ ಸಲ ಕರೆದುಕೊಂಡು ಹೋದ ಸಂಜೆ ಅವರ ಕೈ ನಡುಗುತ್ತಿತ್ತು. ಚರ್ಚಿನ ಹಿಂಬದಿಯ ಕೋಣೆ, ಇಪ್ಪತ್ತು ಪ್ಲಾಸ್ಟಿಕ್ ಕುರ್ಚಿ, ಮೂಲೆಯಲ್ಲಿ ಚಹಾದ ಫ್ಲಾಸ್ಕ್. ಚಹಾ ಕೊಡುತ್ತಿದ್ದ ಹಿರಿಯರು ಎಲ್ಲರಿಗೂ ಲೋಟ ತುಂಬ ಬಗ್ಗಿಸಿ, ಚಿಕ್ಕಪ್ಪನಿಗೆ ಮಾತ್ರ ಅರ್ಧ ಲೋಟ ಕೊಟ್ಟರು. ನನಗೆ ಕಸಿವಿಸಿಯಾಯಿತು. ಆಮೇಲೆ ಹೊಳೆಯಿತು: ನಡುಗುವ ಕೈಯಲ್ಲಿ ತುಂಬಿದ ಲೋಟ ತುಳುಕುತ್ತದೆ. ಮೊದಲ ದಿನವೇ ಹತ್ತು ಜನರೆದುರು ಅಂಗಿಯ ಮೇಲೆ ಚಹಾ ಚೆಲ್ಲಿಕೊಂಡವನು ಮತ್ತೆ ಆ ಕಡೆ ತಲೆ ಹಾಕುವುದಿಲ್ಲ. ಒಂದು ಕಾಲಕ್ಕೆ ತಮ್ಮ ಕೈಯೂ ಹಾಗೆ ನಡುಗಿದ್ದವರಿಗಷ್ಟೇ ತಿಳಿಯುವ ಅಳತೆ ಅದು.

ಅದು ಆಲ್ಕೊಹಾಲಿಕ್ಸ್ ಅನಾನಿಮಸ್, ಬಾಯಿಮಾತಿನಲ್ಲಿ ಎ.ಎ., ಗುಂಪಿನ ಸಭೆ. ಮನೆಯವರಿಗೂ ಪ್ರವೇಶವಿರುವ 'ಓಪನ್ ಮೀಟಿಂಗ್' ಆದ್ದರಿಂದ ನಾನೂ ಕೂತೆ. ಒಳಗೆ ಕೇಳಿದ್ದನ್ನು ಹೊರಗೆ ಆಡಬಾರದೆಂಬುದು ಅಲ್ಲಿಯ ಕಟ್ಟುಪಾಡು. ಹಾಗಾಗಿ ಯಾರು ಏನು ಹೇಳಿದರೆಂದು ಬರೆಯುವುದಿಲ್ಲ. ಹೇಗೆ ಹೇಳುತ್ತಾರೆ, ಹೇಗೆ ಕೇಳುತ್ತಾರೆ ಎಂಬುದನ್ನು ಬರೆಯುತ್ತೇನೆ. ನಾನು ಬೆರಗಾದದ್ದೇ ಅದಕ್ಕೆ.

ಮೊದಲು ಒಂದಿಷ್ಟು ಮೌನ, ಚಿಕ್ಕ ಪ್ರಾರ್ಥನೆ, ಕುಡಿತದಿಂದ ಹೊರಬರಲು ಎ.ಎ. ತೋರುವ ಹನ್ನೆರಡು ಮೆಟ್ಟಿಲುಗಳ ಓದು. ಸಭೆ ನಡೆಸುವವರು ವೈದ್ಯರೂ ಅಲ್ಲ, ಸ್ವಾಮಿಗಳೂ ಅಲ್ಲ. ಕುಡಿತ ಬಿಟ್ಟ ಇನ್ನೊಬ್ಬರು. ಮುಂದಿನ ಸಲ ಆ ಕುರ್ಚಿ ಬೇರೆಯವರದ್ದು. ಮಾತಾಡುವವರು ಹೆಸರು ಹೇಳಿ, ನಾನೊಬ್ಬ ಮದ್ಯವ್ಯಸನಿ ಎನ್ನುತ್ತಾರೆ. ಹೇಗಿದ್ದೆ, ಏನಾಯಿತು, ಈಗ ಹೇಗಿದ್ದೇನೆ: ಇಷ್ಟೇ ಕಥೆ. 'ನಾನು' ಎಂದೇ ಮಾತಾಡಬೇಕು, 'ನೀವು ಹೀಗೆ ಮಾಡಿ' ಎನ್ನುವಂತಿಲ್ಲ. ಯಾರೂ ನಡುವೆ ಬಾಯಿ ಹಾಕುವುದಿಲ್ಲ. ಒಬ್ಬರು ಗಂಟಲು ಕಟ್ಟಿ ನಿಂತರು. ಸಮಾಧಾನ ಹೇಳಲು ಯಾರೂ ಏಳಲಿಲ್ಲ. ಫ್ಯಾನಿನ ಸದ್ದು ಮಾತ್ರ. ಅರ್ಧ ನಿಮಿಷ ಬಿಟ್ಟು ಅವರೇ ಮುಂದುವರಿಸಿದರು. ಆ ಅರ್ಧ ನಿಮಿಷ ಸುಮ್ಮನೆ ಕೂರುವುದಿದೆಯಲ್ಲ, ಅದು ವರ್ಷಗಟ್ಟಲೆ ಕೂತು ಕಲಿತ ವಿದ್ಯೆ.

ನಮ್ಮಲ್ಲಿ ಕುಡಿಯುವವನಿಗೆ ಬುದ್ಧಿ ಹೇಳದವರು ಯಾರಿದ್ದಾರೆ? ಅಜ್ಜಿ ಅತ್ತಿದ್ದರು, ಅಪ್ಪ ಬೈದಿದ್ದರು, ಮಗಳ ತಲೆ ಮುಟ್ಟಿಸಿ ಆಣೆ ಮಾಡಿಸಿದ್ದೂ ಆಗಿತ್ತು. ಇಲ್ಲಿ ಆಣೆಯಿಲ್ಲ. ಇವತ್ತೊಂದು ದಿನ ಕುಡಿಯುವುದು ಬೇಡ, ನಾಳೆಯದು ನಾಳೆಗೆ. ಮೂರು ವಾರದ ನಂತರ ಚಿಕ್ಕಪ್ಪ ಮತ್ತೆ ಕುಡಿದರು. ಎರಡು ಸಭೆ ತಪ್ಪಿಸಿ, ತಲೆ ತಗ್ಗಿಸಿಕೊಂಡು ಹೋದಾಗ, "ಬಂದ್ರಲ್ಲ, ಒಳ್ಳೇದಾಯ್ತು, ಕೂತ್ಕೊಳ್ಳಿ" ಎಂದರಂತೆ. ಯಾಕೆ ಕುಡಿದಿರಿ ಎಂದು ಯಾರೂ ಕೇಳಲಿಲ್ಲವಂತೆ.

ಹೀಗೆ ಹೇಳುವ, ಕೇಳುವ ಈ ವಿದ್ಯೆ ಹುಟ್ಟಿದ್ದು 1935ರಲ್ಲಿ, ಅಮೆರಿಕದ ಒಹಾಯೊ ರಾಜ್ಯದ ಆಕ್ರನ್ ನಗರದಲ್ಲಿ. ನ್ಯೂಯಾರ್ಕಿನ ಷೇರು ವ್ಯವಹಾರದ ಬಿಲ್ ವಿಲ್ಸನ್ ಕುಡಿತ ಬಿಟ್ಟು ಕೆಲವೇ ತಿಂಗಳಾಗಿತ್ತು. ಆಕ್ರನ್‌ಗೆ ಹೋದ ಕೆಲಸ ಕೆಟ್ಟಿತು. ಇಳಿದುಕೊಂಡಿದ್ದ ಹೋಟೆಲಿನಲ್ಲೇ ಬಾರ್ ಕರೆಯುತ್ತಿತ್ತು. ಅವರು ಬಾರಿಗೆ ಹೋಗದೆ ಪಾದ್ರಿಗಳಿಗೆ ಫೋನ್ ಹಚ್ಚಿದರು. ಅವರಿಗೆ ಬೇಕಿದ್ದದ್ದು ಉಪದೇಶಕರಲ್ಲ, ಮಾತಾಡಲು ಇನ್ನೊಬ್ಬ ಕುಡುಕ. ಸಿಕ್ಕವರು ಶಸ್ತ್ರವೈದ್ಯ ಡಾ. ಬಾಬ್ ಸ್ಮಿತ್. ಕಾಲು ಗಂಟೆಗೆಂದು ಕೂತವರು ಗಂಟೆಗಟ್ಟಲೆ ಮಾತಾಡಿದರು. ಹೇಳುವವನೂ ಹೇಳುತ್ತಲೇ ಉಳಿದುಕೊಳ್ಳುತ್ತಾನೆ ಎಂಬ ಆ ದಿನದ ಅರಿವೇ ಇಂದಿಗೂ ಸಭೆಯ ಬೇರು. ಡಾ. ಬಾಬ್ ಕಡೆಯ ಬಾರಿ ಕುಡಿದ ಜೂನ್ 10ನ್ನೇ ಎ.ಎ. ತನ್ನ ಹುಟ್ಟಿದ ದಿನವೆಂದು ಎಣಿಸುತ್ತದೆ.

ಸೇರಲು ಶುಲ್ಕವಿಲ್ಲ, ಕುಡಿತ ಬಿಡಬೇಕೆಂಬ ಆಸೆಯಿದ್ದರೆ ಸಾಕು. ಕೊನೆಯಲ್ಲಿ ಡಬ್ಬಿಯೊಂದು ಕೈಯಿಂದ ಕೈಗೆ ಹೋಗುತ್ತದೆ, ಬಾಡಿಗೆಗೂ ಚಹಾಕ್ಕೂ ಅದೇ. ಹೊರಗಿನವರ ದೇಣಿಗೆ ಮುಟ್ಟುವುದಿಲ್ಲ.

ಗುಂಪು ಹುಡುಕುವುದು ಕಷ್ಟವಲ್ಲ. ಜಿಲ್ಲಾ ಆಸ್ಪತ್ರೆಯ ಮನೋರೋಗ ವಿಭಾಗದಲ್ಲಿ ಕೇಳಿ. ಬೆಂಗಳೂರಿನವರಿಗೆ ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ಕೇಂದ್ರವಿದೆ. ಕೇಂದ್ರ ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿ 14446, ಕನ್ನಡದಲ್ಲೂ ಮಾತಾಡುವ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416. ಸಭೆ ಯಾವ ಭಾಷೆಯದ್ದು, ಮನೆಯವರು ಬರಬಹುದೇ ಎಂದು ಮೊದಲೇ ವಿಚಾರಿಸಿ. ಒಂದು ಗುಂಪು ಒಗ್ಗದಿದ್ದರೆ ಇನ್ನೊಂದಕ್ಕೆ ಹೋಗಿ. ಹಳ್ಳಿಗಳಲ್ಲಿ ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯವರ ಮದ್ಯವರ್ಜನ ಶಿಬಿರಗಳಿವೆ. ಶಿಬಿರ ಮುಗಿಸಿದವರು ನವಜೀವನ ಸಮಿತಿ ಕಟ್ಟಿಕೊಂಡು ಕೂಡುತ್ತಾರೆ. ರೀತಿ ಬೇರೆ, ಒಬ್ಬರಿಗೊಬ್ಬರು ಆತುಕೊಳ್ಳುವುದು ಅಲ್ಲಿಯೂ ಇದೆ. ಕುಡಿಯುವವರ ಮನೆಯವರಿಗೆಂದೇ ಅಲ್-ಅನಾನ್ ಎಂಬ ಬೇರೆ ಗುಂಪುಗಳಿವೆ. ಚಿಕ್ಕಮ್ಮ ಅಲ್ಲಿಗೆ ಹೋಗತೊಡಗಿದ ಮೇಲೆ ರಾತ್ರಿ ನಿದ್ದೆ ಮಾಡಿದರು.

ಒಂದು ಮಾತು ಮಾತ್ರ ಮರೆಯಬೇಡಿ. ವರ್ಷಗಳಿಂದ ದಿನವೂ ಕುಡಿಯುತ್ತಿದ್ದವರು ಒಮ್ಮೆಲೇ ನಿಲ್ಲಿಸಿದರೆ ಒಂದೆರಡು ದಿನದಲ್ಲೇ ಫಿಟ್ಸ್ ಬರಬಹುದು, ಬುದ್ಧಿಭ್ರಮಣೆಯಾಗಬಹುದು, ಜೀವಕ್ಕೇ ಅಪಾಯವಾಗಬಹುದು. ಮೊದಲು ವೈದ್ಯರನ್ನು ಕಾಣಿ. ಸಭೆ ಔಷಧಿಗೆ ಬದಲಿಯಲ್ಲ.

ನಿಮ್ಮ ಮನೆಯಲ್ಲೂ ಇಂಥವರಿದ್ದರೆ ಹೊಸದಾಗಿ ಬುದ್ಧಿ ಹೇಳಲು ಹೋಗಬೇಡಿ. ಹತ್ತಿರದ ಸಭೆಯ ವಾರ, ವೇಳೆ ಕೇಳಿ ಬರೆದಿಟ್ಟುಕೊಳ್ಳಿ. ಅವರು ಹ್ಞೂಂ ಎಂದ ದಿನ ಬಾಗಿಲವರೆಗೆ ಜೊತೆಗೆ ಹೋಗಿ.