ಎಳೆಯ ಕಣ್ಣು, ಎಳೆಯ ಉಸಿರು

ಮಾತೃಗರ್ಭದಲ್ಲಿ ಸುಮಾರು ೪೦ ವಾರ ಬೆಳೆಯಬೇಕಾದ ಶಿಶುವು ಕೆಲವೊಮ್ಮೆ ೨೮ನೆಯ ವಾರದಲ್ಲಿಯೇ ಲೋಕಕ್ಕೆ ಬಂದುಬಿಡುತ್ತದೆ. ಆಗ ಅದರ ತೂಕ ಸುಮಾರು ೧ ಕಿಲೋಗ್ರಾಂ ಮಾತ್ರ. ಇಂತಹ ಶಿಶುವಿನ ಕಣ್ಣನ್ನು ಉಳಿಸಹೊರಟ ವೈದ್ಯರು ಅದರ ಉಸಿರನ್ನೂ ಕಾಯಬೇಕಾಗುತ್ತದೆ. ಇದೇಕೆಂಬುದನ್ನು ವಿಚಾರಿಸೋಣ.

ನಮ್ಮ ಕಣ್ಣಿನ ಹಿಂಬದಿಯಲ್ಲಿ ಅಕ್ಷಿಪಟಲವೆಂಬ ತೆಳುವಾದ ಪೊರೆಯಿದೆ. ಗರ್ಭದಲ್ಲಿ ಮೊಳೆಯುವ ಅದರ ರಕ್ತನಾಳಗಳು ಅಂಚನ್ನು ಮುಟ್ಟುವುದು ದಿನ ತುಂಬುವ ವೇಳೆಗೆ. ಶಿಶು ಅವಧಿಗೆ ಮೊದಲೇ ಹುಟ್ಟಿದರೆ ಈ ಬೆಳವಣಿಗೆ ನಡುವೆಯೇ ತಡೆದು, ಮುಂದೆ ನಾಳಗಳು ಅಡ್ಡಾದಿಡ್ಡಿಯಾಗಿ ಹಬ್ಬಿ ಪಟಲವನ್ನೇ ಎಳೆದು ಕಳಚಬಹುದು. ಈ ರೋಗವನ್ನು ೧೯೪೨ರಲ್ಲಿ ಬಾಸ್ಟನ್ ನಗರದ ವೈದ್ಯ ಟೆರ್ರಿಯವರು ವರ್ಣಿಸಿದರು. ಶಿಶುವನ್ನು ಬದುಕಿಸಲೆಂದು ಧಾರಾಳವಾಗಿ ಕೊಡುತ್ತಿದ್ದ ಆಮ್ಲಜನಕವೇ ಇದಕ್ಕೆ ಕಾರಣವಾಗಿರಬಹುದೆಂದು ೧೯೫೧ರಲ್ಲಿ ಮೆಲ್ಬರ್ನಿನ ಕೇಟ್ ಕ್ಯಾಂಪ್‌ಬೆಲ್ ಅವರು ಸೂಚಿಸಿದರು; ಮುಂದಿನ ಪ್ರಯೋಗಗಳು ಆ ಮಾತನ್ನು ಸಮರ್ಥಿಸಿದವು.

ನಾಳಗಳು ತಲುಪದ ಭಾಗವನ್ನು ಲೇಸರ್ ಕಿರಣದಿಂದ ಸುಟ್ಟರೆ ರೋಗವನ್ನು ಸಾಮಾನ್ಯವಾಗಿ ತಡೆಯಬಹುದು. ಪಟಲ ಕಳಚಿದ್ದರೆ ಶಸ್ತ್ರಚಿಕಿತ್ಸೆಯೇ ಬೇಕು. ಅದಕ್ಕೆ ಶಿಶು ಅಲುಗಾಡದಿರಬೇಕು. ಆದುದರಿಂದ ಅರಿವಳಿಕೆ ಅನಿವಾರ್ಯ.

ಅಪಾಯವಿರುವುದು ಇಲ್ಲಿಯೇ. ಉಸಿರಾಟವನ್ನು ಆಳುವ ಮೆದುಳಿನ ಕೇಂದ್ರವು ಇಂತಹ ಶಿಶುವಿನಲ್ಲಿ ಇನ್ನೂ ಬಲಿತಿರುವುದಿಲ್ಲ. ಅರಿವಳಿಕೆಯ ಔಷಧಿಗಳು ಅದನ್ನು ಮತ್ತಷ್ಟು ಮಂಕುಗೊಳಿಸುತ್ತವೆ. ಶಸ್ತ್ರಚಿಕಿತ್ಸೆ ಮುಗಿದು ಹಲವು ಗಂಟೆಗಳಾದ ಮೇಲೂ ಉಸಿರು ತಟಕ್ಕನೆ ನಿಂತು, ಹೃದಯದ ಬಡಿತ ಕುಗ್ಗಬಹುದು. ರಕ್ತಹೀನತೆಯಿದ್ದರೆ ಅಪಾಯ ಇನ್ನೂ ಹೆಚ್ಚು. ಆದಕಾರಣ, ಗರ್ಭದಲ್ಲಿ ಕಳೆದ ವಾರಗಳನ್ನೂ ಸೇರಿಸಿ ಎಣಿಸಿದಾಗ ಸುಮಾರು ೬೦ ವಾರ ತುಂಬದ ಶಿಶುವನ್ನು ರಾತ್ರಿಯಿಡೀ ಯಂತ್ರಗಳ ಕಾವಲಿನಲ್ಲಿ ಇರಿಸುವುದುಂಟು. ಉಸಿರನ್ನು ಎಚ್ಚರಿಸಲು ಕೊಡುವ ಔಷಧಿಗಳಲ್ಲೊಂದು, ನಾವು ದಿನವೂ ಕುಡಿಯುವ ಕಾಫಿಯಲ್ಲಿರುವ ಕೆಫೀನ್!

ಎರಡನೆಯ ತೊಡಕು ಕಣ್ಣಿನದೇ. ಕಣ್ಣುಗುಡ್ಡೆಯನ್ನು ಒತ್ತಿದರೆ ಅಥವಾ ಅದರ ಸ್ನಾಯುಗಳನ್ನು ಎಳೆದರೆ ಹೃದಯದ ಬಡಿತ ನಿಧಾನವಾಗುವುದೆಂಬುದನ್ನು ೧೯೦೮ರಲ್ಲಿ ಆಶ್ನರ್ ಮತ್ತು ಡಾನ್ಯೀನಿ ಎಂಬವರು ಬೇರೆಬೇರೆಯಾಗಿ ತಿಳಿಸಿದರು. ಶಿಶುವಿನ ರಕ್ತಸಂಚಾರವು ಮುಖ್ಯವಾಗಿ ಬಡಿತದ ವೇಗವನ್ನೇ ಅವಲಂಬಿಸಿರುವುದರಿಂದ ಇದು ಸಣ್ಣ ಮಾತಲ್ಲ. ಬಡಿತ ಕುಗ್ಗಿದೊಡನೆ ಶಸ್ತ್ರವೈದ್ಯರು ಕೈ ತಡೆಯುತ್ತಾರೆ. ಅಟ್ರೋಪಿನ್ ಎಂಬ ಔಷಧಿಯೂ ನೆರವಾಗುತ್ತದೆ.

ಹಾಗಾದರೆ ಮಗು ಬಲಿಯುವವರೆಗೆ ಕಾಯಬಾರದೇ? ರೋಗವು ಕಾಯುವುದಿಲ್ಲ. ಚಿಕಿತ್ಸೆ ಬೇಕೆಂದು ಗೊತ್ತಾದ ಮೇಲೆ ಎರಡು ಮೂರು ದಿನಗಳಲ್ಲಿಯೇ ಅದನ್ನು ನಡೆಸಬೇಕು. ಲೇಸರ್ ಚಿಕಿತ್ಸೆಯನ್ನು ಕಣ್ಣಿಗೆ ಮರವಿನ ಹನಿ ಹಾಕಿಯೇ ಮಾಡುವುದುಂಟು. ಆಗ ಅರಿವಳಿಕೆಯ ಅಪಾಯ ತಪ್ಪಿದರೂ, ನೋವೇ ಶಿಶುವಿನ ಉಸಿರನ್ನೂ ಹೃದಯವನ್ನೂ ಕಲಕಬಲ್ಲದು. ಆಮ್ಲಜನಕ ಹೆಚ್ಚಾದರೆ ಕಣ್ಣಿಗೆ ಕೇಡು, ಕಡಿಮೆಯಾದರೆ ಪ್ರಾಣಕ್ಕೆ ಕೇಡು. ಈ ಎರಡರ ನಡುವಣ ಇಕ್ಕಟ್ಟಾದ ಹಾದಿಯಲ್ಲಿ ವೈದ್ಯರು ನಡೆಯಬೇಕು.

ರೋಗವನ್ನು ಬೇಗನೆ ಕಂಡುಹಿಡಿದರೆ ದೊಡ್ಡ ಶಸ್ತ್ರಚಿಕಿತ್ಸೆಯೂ ದೀರ್ಘವಾದ ಅರಿವಳಿಕೆಯೂ ಎಷ್ಟೋ ಬಾರಿ ತಪ್ಪುತ್ತವೆ. ೨೦೦೮ರಲ್ಲಿ ಬೆಂಗಳೂರಿನ ನಾರಾಯಣ ನೇತ್ರಾಲಯವು ಆರಂಭಿಸಿದ ಯೋಜನೆಯಲ್ಲಿ, ತರಬೇತಿ ಪಡೆದ ಸಿಬ್ಬಂದಿ ಕ್ಯಾಮೆರಾದೊಡನೆ ಜಿಲ್ಲೆಗಳಿಗೆ ಹೋಗಿ ಶಿಶುಗಳ ಅಕ್ಷಿಪಟಲದ ಚಿತ್ರಗಳನ್ನು ದೂರದ ತಜ್ಞರಿಗೆ ಕಳುಹಿಸತೊಡಗಿದರು. ದಿನ ತುಂಬದೆ ಹುಟ್ಟಿದ ಮಗುವಿನ ಕಣ್ಣನ್ನು ತಿಂಗಳೊಳಗೆ ಪರೀಕ್ಷಿಸಬೇಕೆಂಬ ಮಾತನ್ನು ಓದುಗರು ತಮ್ಮ ಮನೆಗಳಲ್ಲಿ ತಿಳಿಸಿದರೆ, ಒಂದು ಮಗುವಿನ ಬೆಳಕು ಉಳಿದೀತು.